ಗಣಕಯಂತ್ರದ ಸ್ಮೃತಿಯೂ ಭಂಡಾರವೂ

ಯಾದಗಿರಿ, ಶಹಾಪುರ, ಸುರಪುರ ಎಂಬ ಮೂರು ಊರುಗಳ ಹೆಸರುಗಳನ್ನು ಗಣಕಯಂತ್ರದಲ್ಲಿ ಬರೆದಿಟ್ಟರೆ ಅವು ಎಷ್ಟು ಸ್ಥಳವನ್ನು ಹಿಡಿಯುವುವೆಂಬುದನ್ನು ಕರಾರುವಾಕ್ಕಾಗಿ ಹೇಳಬಹುದು. ಇಂದು ಎಲ್ಲೆಡೆಯೂ ರೂಢಿಯಲ್ಲಿರುವ ಯೂನಿಕೋಡ್ ಸಂಕೇತಕ್ರಮದ ಯುಟಿಎಫ್-೮ ಎಂಬ ರೂಪದಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಗೂ ಮೂರು ಬೈಟುಗಳು ಬೇಕು. ವ್ಯಂಜನಕ್ಕೆ ಮೂರು, ಅದಕ್ಕೆ ಹತ್ತಿದ ಸ್ವರಚಿಹ್ನೆಗೆ ಮತ್ತೆ ಮೂರು. ಈ ಲೆಕ್ಕದಿಂದ ‘ಯಾದಗಿರಿ’ಗೆ ೨೧ ಬೈಟುಗಳೂ, ‘ಶಹಾಪುರ’ ‘ಸುರಪುರ’ಗಳಿಗೆ ಒಂದೊಂದಕ್ಕೆ ೧೮ ಬೈಟುಗಳೂ, ನಡುವಣ ಎರಡು ತೆರಪುಗಳಿಗೆ ಎರಡು ಬೈಟುಗಳೂ ಆಗಿ ಒಟ್ಟು ೫೯ ಆಗುವುದು. ಈಗಿನ ಸಾಧಾರಣ ಗಣಕದ ಸಂಸ್ಕಾರಕವು ತನ್ನ ಸ್ಮೃತಿಯಿಂದ ಒಂದು ಸಲಕ್ಕೆ ೬೪ ಬೈಟುಗಳನ್ನು ಎತ್ತಿಕೊಳ್ಳುವುದು. ಆದುದರಿಂದ ಮೂರು ಊರುಗಳೂ ಒಂದೇ ತುತ್ತಿನಲ್ಲಿ ಬಂದುಬಿಡಬಲ್ಲವು. ಅದೇ ಹೆಸರುಗಳು ಸ್ಮೃತಿಯಲ್ಲಿರದೆ ಭಂಡಾರದಲ್ಲಿದ್ದರೆ ಸಾಮಾನ್ಯವಾಗಿ ೪೦೯೬ ಬೈಟುಗಳ ಇಡೀ ಕಟ್ಟನ್ನೇ ಹೊತ್ತು ತರಬೇಕು. ‘ಸುರಪುರ’ ಎಂಬ ಒಂದು ಮಾತನ್ನು ನೋಡುವುದಕ್ಕಾಗಿ ಆ ಮಾತನ್ನು ೨೨೭ ಸಲ ಬರೆಯಬಹುದಾದಷ್ಟು ಹೊರೆ! ಈ ವ್ಯತ್ಯಾಸವು ಏಕೆ ಹುಟ್ಟಿತು, ಭಂಡಾರವು ವೇಗಗೊಂಡಂತೆಲ್ಲ ಅದು ಉಳಿಯುವುದೇ ಅಳಿಯುವುದೇ, ಅಳಿದರೆ ಅಲ್ಲಿ ಇಟ್ಟ ಬರಹದ ಗತಿಯೇನು ಎಂಬುದು ಪ್ರಕೃತ ವಿಚಾರ.

ಮೊದಲು ಹೆಸರುಗಳ ಮಾತು. ಗಣಕದೊಳಗೆ ಬರಹವನ್ನು ಇಡುವ ಸ್ಥಳಗಳು ಮುಖ್ಯವಾಗಿ ಎರಡು ಬಗೆ. ಒಂದು, ಸಂಸ್ಕಾರಕದ ನೆರೆಯಲ್ಲಿಯೇ ಇದ್ದು ಕೇಳಿದುದನ್ನು ತಡವಿಲ್ಲದೆ ಒದಗಿಸುವುದು. ಆದರೆ ವಿದ್ಯುತ್ತು ನಿಂತೊಡನೆ ಎಲ್ಲವನ್ನೂ ಮರೆಯುವುದು. ವ್ಯವಹಾರದಲ್ಲಿ ಇದನ್ನು ರ‍್ಯಾಮ್ ಎಂದೂ ಮೆಮೊರಿ ಎಂದೂ ಕರೆಯುವರು. ಈ ಲೇಖನದಲ್ಲಿ ಇದು ಸ್ಮೃತಿ. ಇನ್ನೊಂದು, ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿ ಮುಂತಾದುದು. ನಿಧಾನವಾದರೂ ವಿದ್ಯುತ್ತಿನ ಹಂಗಿಲ್ಲದೆ ಬರಹವನ್ನು ಉಳಿಸಿಕೊಳ್ಳುವಂಥದು. ಇದು ಭಂಡಾರ. ಹಸ್ತಪ್ರತಿಗಳನ್ನು ಕಂಡವರಿಗೆ ಈ ಭೇದವು ಹೊಸದಲ್ಲ. ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದ ಬಟ್ಟೆಯ ಕಡತದಲ್ಲಿ ಬಳಪದಿಂದ ಲೆಕ್ಕವನ್ನು ಬರೆದು, ಅಳಿಸಿ, ಮತ್ತೆ ಬರೆಯುತ್ತಿದ್ದರು. ಬಹುಕಾಲ ಉಳಿಯಬೇಕಾದ ಗ್ರಂಥವನ್ನು ಕಂಠದಿಂದ ಓಲೆಯ ಮೇಲೆ ಕೊರೆಯುತ್ತಿದ್ದರು. ಕಡತವು ಸ್ಮೃತಿಯ ಸ್ಥಾನದಲ್ಲಿಯೂ ಓಲೆಯು ಭಂಡಾರದ ಸ್ಥಾನದಲ್ಲಿಯೂ ನಿಂತಿರುವುವು. ವಿನೋದವೆಂದರೆ, ಅಳಿಸಿ ಬರೆಯುವ ವಸ್ತುವಿನ ಹೆಸರಾಗಿದ್ದ ‘ಕಡತ’ವೇ ಇಂದು ಕಚೇರಿಯಲ್ಲಿಯೂ ಗಣಕದಲ್ಲಿಯೂ ಅಳಿಯಬಾರದ ಫೈಲಿಗೆ ಹೆಸರಾಗಿ ಕುಳಿತಿದೆ.

ಸ್ಮೃತಿಗೂ ಭಂಡಾರಕ್ಕೂ ಇರುವ ಅಂತರವು ಮುಖ್ಯವಾಗಿ ಕಾಲದ ಅಂತರ. ಸ್ಮೃತಿಯು ಕೇಳಿದುದನ್ನು ಒಪ್ಪಿಸಲು ತೆಗೆದುಕೊಳ್ಳುವ ಹೊತ್ತು ಸುಮಾರು ೧೦೦ ನ್ಯಾನೊಸೆಕೆಂಡು, ಎಂದರೆ ಸೆಕೆಂಡಿನ ಒಂದು ಕೋಟಿಯಲ್ಲಿ ಒಂದು ಪಾಲು. ತಿರುಗುವ ಹಾರ್ಡ್ ಡಿಸ್ಕು ೧೦ ಮಿಲಿಸೆಕೆಂಡಿನಷ್ಟು ತೆಗೆದುಕೊಳ್ಳಬಹುದು. ಇಂಥ ಸಂಖ್ಯೆಗಳು ಕಿವಿಗೆ ಬಿದ್ದರೂ ಮನಸ್ಸಿಗೆ ಹತ್ತುವುದಿಲ್ಲ. ಆದುದರಿಂದ ೧೦೦ ನ್ಯಾನೊಸೆಕೆಂಡನ್ನು ಒಂದು ನಿಮಿಷವೆಂದು ಹಿಗ್ಗಿಸಿ ನೋಡಬೇಕು. ಶಹಾಪುರದಲ್ಲಿ ಒಬ್ಬ ವಿದ್ವಾಂಸರು ಓದುತ್ತ ಕುಳಿತಿರುವರೆಂದಿಟ್ಟುಕೊಂಡರೆ, ಸ್ಮೃತಿಯೆಂಬುದು ಅವರು ಎದ್ದು ಗೋಡೆಯ ಗೂಡಿನಿಂದ ಗ್ರಂಥವನ್ನು ತೆಗೆದುಕೊಳ್ಳುವ ಒಂದು ನಿಮಿಷ. ಹಾರ್ಡ್ ಡಿಸ್ಕೆಂಬುದು ೬೯ ದಿನ. ಹಡಗಿನ ಕಾಲದಲ್ಲಿ ವಿಲಾಯತಿಗೆ ಬರೆದು ಉತ್ತರಕ್ಕೆ ಕಾದಂತೆ. ಈಚೆಗೆ ಮನೆಮನೆಗೂ ಬಂದಿರುವ ಫ್ಲ್ಯಾಶ್ ಜಾತಿಯ ವೇಗದ ಎಸ್‌ಎಸ್‌ಡಿಗೆ ಬೇಕಾಗುವ ೧೦೦ ಮೈಕ್ರೊಸೆಕೆಂಡು ಈ ಮಾನದಲ್ಲಿ ೧೬ ಗಂಟೆ ೪೦ ನಿಮಿಷ. ಯಾದಗಿರಿಯಲ್ಲಿ ರೈಲು ಹತ್ತಿ ಬೆಂಗಳೂರನ್ನು ಮುಟ್ಟಿ ಮರಳುವುದಕ್ಕೆ ಹತ್ತಿರ ಹತ್ತಿರ ಬರುವಷ್ಟು. ಮುಂದೆ ಹೇಳಲಾಗುವ ಇನ್ನೊಂದು ಜಾತಿಯ ಭಂಡಾರವು ೧೦ ಮೈಕ್ರೊಸೆಕೆಂಡಿಗೆ ಇಳಿಯಿತು. ಅದು ೧೦೦ ನಿಮಿಷ. ಬಸ್ಸಿನಲ್ಲಿ ಸುರಪುರಕ್ಕೆ ಹೋಗಿ ಪುಸ್ತಕವನ್ನು ತಂದಂತೆ.

ಕಾಯುವ ಹೊತ್ತು ಬದಲಾದರೆ ಕಾಯುವವನ ನಡವಳಿಕೆಯೂ ಬದಲಾಗಬೇಕು. ೬೯ ದಿನ ಕಾಯಬೇಕಾದವನು ಸುಮ್ಮನೆ ಕೂರುವುದಿಲ್ಲ. ಆ ಕೆಲಸವನ್ನು ಕಟ್ಟಿಟ್ಟು ಮತ್ತೊಂದನ್ನು ಹಿಡಿಯುವನು. ಒಂದು ಪುಸ್ತಕಕ್ಕೆ ಬರೆಯುವಾಗಲೇ ಮುಂದೆ ಬೇಕಾಗಬಹುದಾದ ಹತ್ತು ಪುಸ್ತಕಗಳನ್ನೂ ಸೇರಿಸಿ ತರಿಸುವನು. ಬಂದುದನ್ನು ಬೇಗ ಹಿಂದಿರುಗಿಸನು. ಗಣಕದ ಆಪರೇಟಿಂಗ್ ಸಿಸ್ಟಮ್ ಎಂಬ ಮೇಲ್ವಿಚಾರಕ ತಂತ್ರಾಂಶವು ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಮಾಡುತ್ತ ಬಂದಿರುವುದು ಇದನ್ನೇ. ಒಂದು ಕಾರ್ಯವು ಭಂಡಾರಕ್ಕೆ ಕೈಚಾಚಿದೊಡನೆ ಅದನ್ನು ಬದಿಗಿಟ್ಟು ಬೇರೊಂದಕ್ಕೆ ಸಂಸ್ಕಾರಕವನ್ನು ಒಪ್ಪಿಸುವುದು, ೪೦೯೬ ಬೈಟುಗಳ ಕಟ್ಟುಗಳಲ್ಲಿ ತರಿಸುವುದು, ತಂದುದರ ಪ್ರತಿಯನ್ನು ಸ್ಮೃತಿಯಲ್ಲಿ ಇಟ್ಟುಕೊಂಡಿರುವುದು, ಇವೆಲ್ಲವೂ ನಿಧಾನವಾದ ಭಂಡಾರದೊಡನೆ ಬಾಳುವುದಕ್ಕೆ ಕಲಿತ ಉಪಾಯಗಳು. ಕಟ್ಟಿನ ಗಾತ್ರದಲ್ಲಿ ಯಾವ ತತ್ತ್ವವೂ ಇಲ್ಲ. ದೂರದಿಂದ ಬರುವ ಗಾಡಿಯನ್ನು ಬರಿದಾಗಿ ತರಬಾರದೆಂಬ ಲೌಕಿಕಜ್ಞಾನ, ಅಷ್ಟೆ.

ಈ ಒಪ್ಪಂದದ ಅತಿ ಪ್ರಸಿದ್ಧ ರೂಪವು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ೧೯೬೨ರಲ್ಲಿ ಕೆಲಸಕ್ಕೆ ತೊಡಗಿದ ಅಟ್ಲಾಸ್ ಎಂಬ ಯಂತ್ರದಲ್ಲಿ ಕಾಣಬರುವುದು. ಅದರ ಸ್ಮೃತಿಯು ಚಿಕ್ಕ ಕಾಂತೀಯ ಉಂಗುರಗಳದು, ಸುಮಾರು ೨ ಮೈಕ್ರೊಸೆಕೆಂಡಿನಲ್ಲಿ ಉತ್ತರ ಕೊಡುವಂಥದು. ಭಂಡಾರವು ತಿರುಗುವ ಕಾಂತೀಯ ಉರುಳೆ, ಸುಮಾರು ೬ ಮಿಲಿಸೆಕೆಂಡಿನದು. ಎರಡಕ್ಕೂ ಮೂರು ಸಾವಿರ ಪಟ್ಟು ಅಂತರ. ಯಂತ್ರದ ರಚನಕಾರರು ಇವೆರಡನ್ನೂ ಒಂದೇ ವಿಶಾಲವಾದ ಸ್ಮೃತಿಯೆಂಬಂತೆ ಬಳಕೆಗಾರನಿಗೆ ತೋರಿಸಿ, ಬೇಕಾದ ಪುಟವನ್ನು ಉರುಳೆಯಿಂದ ತರುವ, ಬೇಡವಾದುದನ್ನು ಹಿಂದಿರುಗಿಸುವ ಕೆಲಸವನ್ನು ತೆರೆಯ ಮರೆಯಲ್ಲಿ ಯಂತ್ರವೇ ಮಾಡಿಕೊಳ್ಳುವಂತೆ ಏರ್ಪಡಿಸಿದರು. ಅದಕ್ಕೆ ಅವರು ಕೊಟ್ಟ ಹೆಸರಿನ ಅರ್ಥ ‘ಏಕಸ್ತರದ ಭಂಡಾರ’ವೆಂದೇ. ಆದರೆ ಅದು ಏಕಸ್ತರವೆಂದು ತೋರುತ್ತಿದ್ದಿತೇ ಹೊರತು ಆಗಿರಲಿಲ್ಲ. ಭಾರತದಲ್ಲಿಯೂ ಆ ಕಾಲದ ಯಂತ್ರಗಳಿಗೆ ಸ್ಮೃತಿಯ ಬಡತನ ತಪ್ಪಿರಲಿಲ್ಲ: ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ೧೯೬೦ರಲ್ಲಿ ಸಿದ್ಧವಾದ ಟಿಫ್ರ್ಯಾಕ್ ಯಂತ್ರದ ಸ್ಮೃತಿಯು ೪೦ ಬಿಟ್ಟುಗಳ ೨೦೪೮ ಪದಗಳನ್ನು ಹಿಡಿಯುತ್ತಿದ್ದಿತು. ಅದು ೧೦,೨೪೦ ಬೈಟು. ಯೂನಿಕೋಡಿನ ಕನ್ನಡದಲ್ಲಿ ನಾಲ್ಕೈದು ಪುಟಗಳೂ ಅದರಲ್ಲಿ ಅಡಗಲಾರವು.

ವೇಗವೆಂಬ ಮಾತಿನಲ್ಲಿ ಎರಡು ಅರ್ಥಗಳು ಬೆರೆತುಹೋಗುವುದುಂಟು. ಅವನ್ನು ಬಿಡಿಸಿ ನೋಡುವುದಕ್ಕೆ ಯಾದಗಿರಿ ಜಿಲ್ಲೆಯಲ್ಲಿಯೇ ದೊಡ್ಡದೊಂದು ನಿದರ್ಶನವಿದೆ. ಕೃಷ್ಣೆಗೆ ಅಡ್ಡಲಾಗಿ ನಾರಾಯಣಪುರದಲ್ಲಿ ಕಟ್ಟಿದ ಬಸವಸಾಗರ ಜಲಾಶಯದಿಂದ ಹೊರಡುವ ಎಡದಂಡೆ ಕಾಲುವೆಯು ಸುಮಾರು ೭೮ ಕಿಲೋಮೀಟರು ಹರಿಯುವುದು. ಸುರಪುರ ಶಹಾಪುರಗಳ ಸೀಮೆಗೆ ಅದರ ಕವಲುಗಳಿಂದ ನೀರು. ಜಲಾಶಯದ ಬಾಗಿಲನ್ನು ಎತ್ತಿದಾಗ ಕಾಲುವೆಯಲ್ಲಿ ನೀರು ಸೆಕೆಂಡಿಗೆ ಒಂದು ಮೀಟರಿನಂತೆ ಸಾಗಿದರೆ, ಕೊನೆಯ ತುದಿಯನ್ನು ಮುಟ್ಟಲು ೨೧ ಗಂಟೆಗೂ ಮಿಕ್ಕಿ ಹಿಡಿಯುವುದು. ಕಾಲುವೆಯನ್ನು ಎರಡರಷ್ಟು ಅಗಲಿಸಿದರೆ ನೀರಿನ ಮೊತ್ತವು ಹೆಚ್ಚೀತು. ಮೊದಲ ಹನಿ ತಲುಪುವ ಹೊತ್ತು ಬಹಳವೇನೂ ಕಡಮೆಯಾಗದು. ಮೊತ್ತವು ಒಂದು, ವಿಳಂಬವು ಇನ್ನೊಂದು. ಕಾಲುವೆಯ ಕೊನೆಯಲ್ಲಿರುವ ರೈತನಿಗೆ ಊರ ಕೆರೆಯು ಬೇಕಾಗುವುದು ಎರಡನೆಯದರ ಸಲುವಾಗಿ: ಕೆರೆಯ ನೀರು ಅಲ್ಪ, ಆದರೆ ಹತ್ತಿರದ್ದು. ಗಣಕದ ಸ್ಮೃತಿಯು ಊರ ಕೆರೆ, ಭಂಡಾರವು ನಾರಾಯಣಪುರ.

ಈ ಭೇದವನ್ನು ಗ್ರಂಥಪಾಠಕ್ಕೆ ಅನ್ವಯಿಸಿ ನೋಡಬಹುದು. ಸುರಪುರ ಸೀಮೆಯ ಮುದನೂರಿನ ದೇವರ ದಾಸಿಮಯ್ಯನಿಂದ ಮೊದಲಾಗಿ ವಚನಕಾರರ ಇಪ್ಪತ್ತು ಸಾವಿರ ವಚನಗಳನ್ನು ಗಣಕದಲ್ಲಿ ಇಟ್ಟಿದೆಯೆಂದೂ, ವಚನವೊಂದಕ್ಕೆ ಸರಾಸರಿ ೫೦೦ ಚಿಹ್ನೆಗಳೆಂದೂ ಹಿಡಿದರೆ, ಒಟ್ಟು ಮೂರು ಕೋಟಿ ಬೈಟುಗಳಾಗುವುವು. ಸೆಕೆಂಡಿಗೆ ೧೫ ಕೋಟಿ ಬೈಟುಗಳನ್ನು ಸಾಲಾಗಿ ಓದಬಲ್ಲ ಹಾರ್ಡ್ ಡಿಸ್ಕು ಮೊದಲಿನಿಂದ ಕೊನೆಯವರೆಗೆ ಇದನ್ನು ಸೆಕೆಂಡಿನ ಐದರಲ್ಲೊಂದು ಪಾಲಿನಲ್ಲಿ ಓದಿ ಮುಗಿಸುವುದು. ಆದರೆ ವಚನಗಳು ಚದರಿ ಬಿದ್ದಿದ್ದು ಒಂದೊಂದನ್ನೂ ಬೇರೆಬೇರೆಯಾಗಿ ಹುಡುಕಬೇಕಾದರೆ, ಒಂದಕ್ಕೆ ೧೦ ಮಿಲಿಸೆಕೆಂಡಿನಂತೆ ೨೦೦ ಸೆಕೆಂಡುಗಳು ಬೇಕು. ಬರಹ ಅದೇ, ಯಂತ್ರ ಅದೇ. ಜೋಡಣೆಯ ದೋಷದಿಂದ ಸಾವಿರ ಪಟ್ಟು ವಿಳಂಬ. ಅಕಾರಾದಿಗಳನ್ನು, ಸೂಚಿಗಳನ್ನು, ವರ್ಗೀಕರಣಗಳನ್ನು ಗಣಕಶಾಸ್ತ್ರಜ್ಞರು ಇಷ್ಟೊಂದು ಆಸ್ಥೆಯಿಂದ ಬೆಳೆಸಿದುದು ಬಹುಮಟ್ಟಿಗೆ ಈ ಭಯದಿಂದ. ಫ್ಲ್ಯಾಶ್ ಭಂಡಾರದಲ್ಲಿ ಚದರಿದ ವಚನಗಳ ಓದು ೨ ಸೆಕೆಂಡಿಗೆ ಇಳಿಯುವುದು; ೧೦ ಮೈಕ್ರೊಸೆಕೆಂಡಿನ ಭಂಡಾರದಲ್ಲಿ ಸೆಕೆಂಡಿನ ಐದರಲ್ಲೊಂದು ಪಾಲಿಗೆ ಬಂದು ನಿಲ್ಲುವುದು, ಎಂದರೆ ಹಳೆಯ ಯಂತ್ರದ ಸಾಲುಓದಿಗೆ ಸಮನಾಗುವುದು. ಅಲ್ಲಿಗೆ ಕ್ರಮವಾಗಿ ಜೋಡಿಸಿಡಬೇಕೆಂಬ ಹಳೆಯ ಕಟ್ಟುಪಾಡು ಬಹಳಷ್ಟು ಸಡಿಲುವುದು.

ಸಡಿಲದೆ ಉಳಿಯುವುದು ಮೇಲ್ವಿಚಾರಕ ತಂತ್ರಾಂಶದ ಉಪಚಾರ. ಭಂಡಾರದಿಂದ ಒಂದು ಕಟ್ಟನ್ನು ತರಿಸುವುದಕ್ಕೆ ಅದು ಅರ್ಜಿಯನ್ನು ಬರೆದು, ಸರದಿಯಲ್ಲಿ ಇಟ್ಟು, ಕಾರ್ಯವನ್ನು ಬದಲಿಸಿ, ಕಟ್ಟು ಬಂದ ಸುದ್ದಿಯನ್ನು ಕೇಳಿ ಮತ್ತೆ ಹಳೆಯ ಕಾರ್ಯವನ್ನು ಎಬ್ಬಿಸುವ ವೇಳೆಗೆ ಕೆಲವು ಮೈಕ್ರೊಸೆಕೆಂಡುಗಳು ಕಳೆದಿರುವುವು. ಹಿಂದಿನ ಮಾನದಲ್ಲಿ ಅದು ಒಂದು ಗಂಟೆಯ ಆಚೀಚೆ. ೬೯ ದಿನಗಳ ಪ್ರಯಾಣದ ಮುಂದೆ ಈ ಒಂದು ಗಂಟೆಯ ದಫ್ತರದ ಕೆಲಸವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಪ್ರಯಾಣವೇ ೧೦೦ ನಿಮಿಷವಾದಾಗ ದಫ್ತರವೇ ದೊಡ್ಡ ವೆಚ್ಚವಾಯಿತು. ಪುಸ್ತಕ ಬರುವಷ್ಟರಲ್ಲಿ ಬೇರೆ ಕೆಲಸವನ್ನು ಹಿಡಿಯುವುದಕ್ಕಿಂತ ಬಾಗಿಲಲ್ಲಿಯೇ ನಿಂತು ಕಾಯುವುದು ಲೇಸೆಂಬ ಸ್ಥಿತಿಯೂ ಒದಗುವುದು. ಅತಿ ವೇಗದ ಭಂಡಾರಗಳಿಗಾಗಿ ಬರೆದ ತಂತ್ರಾಂಶಗಳಲ್ಲಿ ಹೀಗೆ ನಿಂತು ಕಾಯುವ ಪದ್ಧತಿಯನ್ನು ನಿಜವಾಗಿಯೂ ಕೈಕೊಂಡಿರುವರು.

ಇಲ್ಲಿಯವರೆಗೂ ಭಂಡಾರವು ಭಂಡಾರವಾಗಿಯೇ ಇದ್ದಿತು. ಎಲ್ಲೆಯನ್ನು ದಾಟಿದುದು ಇಂಟೆಲ್ ಮತ್ತು ಮೈಕ್ರಾನ್ ಸಂಸ್ಥೆಗಳು ೨೦೧೫ರ ಜುಲೈನಲ್ಲಿ ಪ್ರಕಟಿಸಿದ ಹೊಸ ವಸ್ತು. ಇಂಟೆಲ್ ಸಂಸ್ಥೆಯು ಇದನ್ನು ಆಪ್ಟೇನ್ ಎಂಬ ಹೆಸರಿನಲ್ಲಿ ಮಾರಿತು. ಮೊದಲು ಅದು ೧೦ ಮೈಕ್ರೊಸೆಕೆಂಡಿನ ಎಸ್‌ಎಸ್‌ಡಿಯಾಗಿ ಬಂದಿತು. ೨೦೧೯ರಲ್ಲಿ ಸ್ಮೃತಿಯ ಹಲಗೆಗಳ ಸ್ಥಾನದಲ್ಲಿಯೇ ಕೂರಿಸಬಹುದಾದ ರೂಪದಲ್ಲಿ ಬಂದಿತು. ಅಲ್ಲಿ ಅದರ ವಿಳಂಬವು ಸುಮಾರು ೩೦೦ ನ್ಯಾನೊಸೆಕೆಂಡು, ಹಿಗ್ಗಿಸಿದ ಮಾನದಲ್ಲಿ ಮೂರು ನಿಮಿಷ. ಗೋಡೆಯ ಗೂಡಲ್ಲವಾದರೂ ಪಕ್ಕದ ಕೋಣೆ. ಅದಕ್ಕೆ ೪೦೯೬ ಬೈಟುಗಳ ಕಟ್ಟು ಬೇಕಿಲ್ಲ. ಸಂಸ್ಕಾರಕವು ಸ್ಮೃತಿಯನ್ನು ಕೇಳುವಂತೆಯೇ ಅದನ್ನೂ ೬೪ ಬೈಟುಗಳಂತೆ ಕೇಳಬಹುದು. ಆದರೂ ವಿದ್ಯುತ್ತು ಹೋದರೆ ಅದು ಮರೆಯುವುದಿಲ್ಲ. ಕಡತದಂತೆ ಅಳಿಸಿ ಬರೆಯಬಹುದು, ಓಲೆಯಂತೆ ಉಳಿಯುವುದು. ಅಟ್ಲಾಸ್ ಯಂತ್ರದಲ್ಲಿ ತೋರಿಕೆಯಾಗಿದ್ದ ಏಕಸ್ತರವು ಇಲ್ಲಿ ಬಹುಮಟ್ಟಿಗೆ ನಿಜವಾಯಿತೆನ್ನಬಹುದು.

ಆಗ ‘ಸೇವ್ ಮಾಡುವುದು’ ಎಂದು ಅಧ್ಯಾಪಕರೆಲ್ಲರೂ ಬಲ್ಲ ಕ್ರಿಯೆಗೆ ಅರ್ಥವೇನು? ಮಧ್ಯಾಹ್ನವೆಲ್ಲ ಒಂದು ಓಲೆಗರಿಯ ಪಾಠವನ್ನು ಬೆರಳಚ್ಚು ಮಾಡಿ, ಸೇವ್ ಮಾಡುವ ಮೊದಲೇ ವಿದ್ಯುತ್ತು ಹೋದಾಗ ಆದ ನಷ್ಟವು ಕಾಲದ ನಷ್ಟವಷ್ಟೇ ಅಲ್ಲ. ಗರಿಯು ಶಿಥಿಲವಾಗಿದ್ದರೆ ಅದನ್ನು ಮತ್ತೊಮ್ಮೆ ಬಿಡಿಸಿ ಓದುವ ಅವಕಾಶವೇ ಇಲ್ಲದಿರಬಹುದು. ಸ್ಮೃತಿಯೇ ಭಂಡಾರವಾದ ಯಂತ್ರದಲ್ಲಿ ಬರೆದುದೆಲ್ಲವೂ ಬರೆದಲ್ಲಿಯೇ ಉಳಿಯಬೇಕಷ್ಟೆ. ಸೇವ್ ಮಾಡುವ ಕ್ರಿಯೆಯೇ ಅನಾವಶ್ಯಕವಾಗಬೇಕು. ಹೀಗೆಂದು ತೋರುವುದು ಸಹಜ. ಆದರೆ ಇಲ್ಲಿಯೇ ಹಳೆಯ ನಿಧಾನವು ತಿಳಿಯದಂತೆ ಮಾಡುತ್ತಿದ್ದ ಒಂದು ಉಪಕಾರವು ಹೊರಬೀಳುವುದು.

ಸುರಪುರದಲ್ಲಿ ೧೮೫೩ರವರೆಗೆ ಆಂಗ್ಲ ಅಧಿಕಾರಿಯಾಗಿದ್ದ ಮೆಡೋಸ್ ಟೇಲರನ ಆತ್ಮಕಥೆಯೇ ಮುಂತಾದ ಇಂಗ್ಲಿಷ್ ಬರಹಗಳನ್ನು ಆಧರಿಸಿದ ಸೂಚಿಯೊಂದರಲ್ಲಿ ಆ ಊರಿನ ಹೆಸರು ‘ಶೋರಾಪುರ’ ಎಂದಿದ್ದು, ಅದನ್ನು ‘ಸುರಪುರ’ ಎಂದು ತಿದ್ದಬೇಕಾಗಿದೆಯೆಂದು ಇಟ್ಟುಕೊಳ್ಳಬಹುದು. ಮೊದಲನೆಯದು ೨೧ ಬೈಟು, ಎರಡನೆಯದು ೧೮. ಹೊಸ ಬಗೆಯ ಸ್ಮೃತಿಯಲ್ಲಿ ವಿದ್ಯುತ್ತು ಯಾವ ಕ್ಷಣದಲ್ಲಿ ಹೋದರೂ ಒಡೆಯದೆ ಇಡಿಯಾಗಿ ಉಳಿಯುವುದೆಂದು ಸಂಸ್ಕಾರಕವು ಭರವಸೆ ಕೊಡುವುದು ಒಂದು ಸಲಕ್ಕೆ ಎಂಟು ಬೈಟುಗಳಿಗೆ ಮಾತ್ರ. ಮೊದಲ ಎಂಟು ಬೈಟುಗಳು ಬರೆಯಲ್ಪಟ್ಟು ಉಳಿದವು ಬರೆಯಲ್ಪಡುವ ಮೊದಲೇ ವಿದ್ಯುತ್ತು ಹೋಯಿತು. ಹೊಸ ಹೆಸರಿನಿಂದ ಬಂದುವು ‘ಸ’ಕ್ಕೆ ಮೂರು, ಉಕಾರದ ಚಿಹ್ನೆಗೆ ಮೂರು, ‘ರ’ದ ಮೊದಲ ಎರಡು ಬೈಟು. ‘ರ’ದ ಮೂರನೆಯ ಬೈಟು ಹಳೆಯ ಹೆಸರಿನದು; ಆದರೆ ಹಳೆಯ ಹೆಸರಿನಲ್ಲಿಯೂ ಆ ಸ್ಥಾನದಲ್ಲಿ ‘ರ’ವೇ ಇದ್ದುದರಿಂದ ಅಕ್ಷರವು ಕೂಡಿಕೊಂಡಿತು. ಮುಂದೆ ಹಳೆಯ ಹೆಸರಿನ ದೀರ್ಘಚಿಹ್ನೆ, ‘ಪು’, ‘ರ’. ಯಂತ್ರವನ್ನು ಮತ್ತೆ ಹೊತ್ತಿಸಿದಾಗ ಕಾಣುವುದು ‘ಸುರಾಪುರ’!

ಇದು ಒಡೆದ ಅಕ್ಷರವಲ್ಲ, ಕಸವಲ್ಲ. ಯಾರ ಕಣ್ಣಿಗೂ ಒಪ್ಪುವ ಒಳ್ಳೆಯ ಕನ್ನಡ ಪದ. ದೇವತೆಗಳ ಪುರವು ಮದ್ಯದ ಪುರವಾದುದನ್ನು ಕಂಡು ನಕ್ಕು ಬಿಡಬಹುದು. ಆದರೆ ಐವತ್ತು ವರ್ಷಗಳ ತರುವಾಯ ಇದನ್ನು ಕಂಡ ಪಾಠಸಂಶೋಧಕನು ಲಿಪಿಕಾರದೋಷವೆಂದಾಗಲಿ, ಒಂದು ಪ್ರಾಚೀನ ರೂಪಾಂತರವೆಂದಾಗಲಿ ಬಗೆಯುವುದಕ್ಕೆ ಏನೂ ಅಡ್ಡಿಯಿಲ್ಲ. ಯಾವ ಮನುಷ್ಯನೂ ಬರೆಯದ, ಯಾವ ಪ್ರತಿಯಲ್ಲಿಯೂ ಇಲ್ಲದ ಪಾಠಾಂತರವಿದು. ಓಲೆಯ ಲಿಪಿಕಾರನ ತಪ್ಪುಗಳಿಗೆ ಕಾರಣಗಳುಂಟು: ಸಾಲು ಹಾರುವುದು, ಅಕ್ಷರಸಾಮ್ಯ, ಉಚ್ಚಾರಣೆಯ ರೂಢಿ. ಪಾಠಶೋಧನೆಯೆಂಬ ಶಾಸ್ತ್ರವು ನಿಂತಿರುವುದೇ ಆ ಕಾರಣಗಳ ಮೇಲೆ. ಬೈಟಿನ ಎಣಿಕೆಯಲ್ಲಿ ಹುಟ್ಟಿದ ತಪ್ಪಿಗೆ ಆ ಶಾಸ್ತ್ರದಲ್ಲಿ ಇನ್ನೂ ಹೆಸರಿಲ್ಲ.

ಹಳೆಯ ಭಂಡಾರದಲ್ಲಿ ಇಂಥದು ಏಕೆ ವಿರಳವೆಂದರೆ, ತಿದ್ದುಪಡಿಯು ಮೊದಲು ಮರೆಯುವ ಸ್ಮೃತಿಯಲ್ಲಿ ನಡೆದು, ಮುಗಿದ ಮೇಲೆ ಇಡೀ ಕಟ್ಟಾಗಿ ಭಂಡಾರಕ್ಕೆ ಹೋಗುತ್ತಿದ್ದಿತು. ನಡುವೆ ವಿದ್ಯುತ್ತು ಹೋದರೆ ಅರ್ಧ ತಿದ್ದಿದುದು ಅಳಿದು, ಪೂರ್ತಿ ಹಳೆಯದು ಉಳಿಯುತ್ತಿದ್ದಿತು. ಮರೆವು ಇಲ್ಲಿ ದೋಷವಲ್ಲ, ರಕ್ಷೆ. ಸಂಸ್ಕಾರಕದೊಳಗಣ ಕ್ಯಾಶ್ ಎಂಬ ಅತಿ ಚಿಕ್ಕ ಸ್ಮೃತಿಯು ಈ ತೊಡಕನ್ನು ಇನ್ನೂ ಹೆಚ್ಚಿಸುವುದು. ಬರೆದುದು ಮೊದಲು ಕ್ಯಾಶಿನಲ್ಲಿ ನಿಂತು, ಯಂತ್ರಕ್ಕೆ ಅನುಕೂಲವಾದಾಗ, ಅನುಕೂಲವಾದ ಕ್ರಮದಲ್ಲಿ ಹೊರಗೆ ಹೋಗುವುದು. ಬೇರೆಬೇರೆ ೬೪ ಬೈಟುಗಳ ಸಾಲುಗಳಲ್ಲಿ ಮೊದಲು ಬರೆದುದು ಮೊದಲೇ ಹೋಗಬೇಕೆಂಬ ನಿಯಮವಿಲ್ಲ. ಆದಕಾರಣ ಇಂಥ ಯಂತ್ರಗಳಿಗಾಗಿ ‘ಈ ಸಾಲನ್ನು ಈಗಲೇ ಹೊರಗೆ ಕಳುಹಿಸು’, ‘ಅದು ಮುಗಿಯುವವರೆಗೆ ಮುಂದಿನದನ್ನು ತಡೆ’ ಎಂಬರ್ಥದ ಆಜ್ಞೆಗಳನ್ನು ಸಂಸ್ಕಾರಕಗಳಲ್ಲಿ ಸೇರಿಸಬೇಕಾಯಿತು. ಜಾಣ್ಮೆಯ ಪರಿಹಾರವೆಂದರೆ ಹಳೆಯದನ್ನು ಕೆರೆಯದಿರುವುದು: ‘ಸುರಪುರ’ ಎಂಬ ಹೊಸ ಹೆಸರನ್ನು ಬೇರೊಂದು ಸ್ಥಳದಲ್ಲಿ ಪೂರ್ತಿಯಾಗಿ ಬರೆದು ಭದ್ರಪಡಿಸಿ, ಕಟ್ಟಕಡೆಗೆ ‘ಹೆಸರು ಇಲ್ಲಿದೆ’ ಎಂದು ತೋರಿಸುವ ವಿಳಾಸವೊಂದನ್ನೇ ಬದಲಿಸುವುದು. ಆ ವಿಳಾಸವು ಸರಿಯಾಗಿ ಎಂಟು ಬೈಟು. ಹಳೆಯ ಗರಿಯನ್ನು ಮುಟ್ಟದೆ ಹೊಸ ಗರಿಯನ್ನು ಬರೆದು, ಕೊನೆಗೆ ಕಟ್ಟಿನ ದಾರಕ್ಕೆ ಅದನ್ನು ಏರಿಸಿದಂತೆ. ಹೀಗೆ ಮಾಡುವುದಕ್ಕೆ ಸ್ಥಳವೂ ಕಾಲವೂ ಹೆಚ್ಚು ಬೇಕು. ಭಂಡಾರದ ವೇಗದಿಂದ ಗಳಿಸಿದುದರಲ್ಲಿ ಒಂದು ಪಾಲು ಇದಕ್ಕೆ ಖರ್ಚು.

ದೋಷವು ನಡೆದ ಮೇಲೆ ಕಂಡುಹಿಡಿಯುವ ಉಪಾಯವೂ ಒಂದುಂಟು. ಛಂದಸ್ಸನ್ನು ಕಲಿಸುವವರಿಗೆ ಅದರ ತತ್ತ್ವ ಸುಲಭವಾಗಿ ತಿಳಿಯುವುದು. ಕಂದಪದ್ಯದಲ್ಲಿ ಲಿಪಿಕಾರನು ಒಂದು ಹ್ರಸ್ವವನ್ನು ದೀರ್ಘವಾಗಿ ಬರೆದರೆ ಮಾತ್ರೆ ಹೆಚ್ಚಿ ಗಣ ಕೆಡುವುದು. ಅರ್ಥವನ್ನು ನೋಡದೆಯೇ ತಪ್ಪು ಸಿಕ್ಕಿಬೀಳುವುದು. ‘ಸುರಪುರ’ ನಾಲ್ಕು ಮಾತ್ರೆ, ‘ಸುರಾಪುರ’ ಐದು, ‘ಶೋರಾಪುರ’ ಆರು. ನಾಲ್ಕು ಮಾತ್ರೆಯ ಗಣವೊಂದರಲ್ಲಿ ಈ ಹೆಸರು ಬಂದಿದ್ದರೆ ಯಂತ್ರದ ಪಾಠಾಂತರವು ಒಂದು ಕ್ಷಣವೂ ನಿಲ್ಲುತ್ತಿರಲಿಲ್ಲ. ವಚನಕ್ಕಾಗಲಿ, ಗ್ರಂಥಸೂಚಿಗಾಗಲಿ ಈ ಕಾವಲಿಲ್ಲ. ಬರಹದ ಬೈಟುಗಳನ್ನೆಲ್ಲ ಒಂದು ನಿಯಮದಂತೆ ಕೂಡಿಸಿ ಬಂದ ಸಂಖ್ಯೆಯನ್ನು ಪಕ್ಕದಲ್ಲಿ ಬರೆದಿಟ್ಟು, ಓದುವಾಗ ಮತ್ತೆ ಕೂಡಿಸಿ ತಾಳೆ ನೋಡುವ ಪದ್ಧತಿಯು ಗಣಕದಲ್ಲಿ ಆ ಕೊರತೆಯನ್ನು ತುಂಬುವುದು. ಇದನ್ನು ಚೆಕ್‌ಸಮ್ ಎನ್ನುವರು. ಗದ್ಯಕ್ಕೆ ಹೊರಗಿನಿಂದ ತೊಡಿಸಿದ ಛಂದಸ್ಸೆನ್ನಬಹುದು. ಗ್ರಂಥಗಳನ್ನು ಗಣಕಕ್ಕೆ ಏರಿಸುವ ಸಂಸ್ಥೆಗಳು ಇದನ್ನು ಯಂತ್ರಜ್ಞರ ಕೆಲಸವೆಂದು ಬಿಟ್ಟುಬಿಡದೆ, ಹಸ್ತಪ್ರತಿಯ ಗರಿಗಳ ಎಣಿಕೆಯನ್ನು ವಿವರಣೆಯಲ್ಲಿ ಬರೆದಿಡುವಂತೆ ಬರೆದಿಡುವುದು ಯುಕ್ತ.

ಆಪ್ಟೇನಿನ ಕಥೆ ದೀರ್ಘವಾಗಲಿಲ್ಲ. ಮೈಕ್ರಾನ್ ೨೦೨೧ರ ಮಾರ್ಚಿನಲ್ಲಿ ಈ ತಂತ್ರವನ್ನು ಕೈಬಿಟ್ಟಿತು. ಇಂಟೆಲ್ ೨೦೨೨ರ ಜುಲೈನಲ್ಲಿ ವ್ಯವಹಾರವನ್ನು ಮುಗಿಸುವುದಾಗಿ ತಿಳಿಸಿ, ೫೫.೯ ಕೋಟಿ ಡಾಲರುಗಳ ಸರಕನ್ನು ನಷ್ಟದ ಲೆಕ್ಕಕ್ಕೆ ಬರೆಯಿತು. ಸ್ಮೃತಿಗಿಂತ ನಿಧಾನ, ಫ್ಲ್ಯಾಶಿಗಿಂತ ದುಬಾರಿ. ಎರಡರ ನಡುವೆ ನಿಂತುದಕ್ಕೆ ಎರಡೂ ಕಡೆಯ ಗಿರಾಕಿಗಳು ಸಾಲಲಿಲ್ಲ. ತಂತ್ರಾಂಶಗಳನ್ನು ಹೊಸ ರೀತಿಗೆ ಬರೆಯುವ ಶ್ರಮಕ್ಕೂ ಬಹುಮಂದಿ ಒಪ್ಪಲಿಲ್ಲ. ವೇಗವೊಂದೇ ಯಂತ್ರದ ರಚನೆಯನ್ನು ಬದಲಿಸಲಾರದೆಂಬುದಕ್ಕೆ ಇದಕ್ಕಿಂತ ನಿಚ್ಚಳವಾದ ನಿದರ್ಶನ ದೊರೆಯಲಾರದು. ಆದರೂ ಅದಕ್ಕಾಗಿ 
ರೂಪಿಸಿದ ಆಜ್ಞೆಗಳು ಸಂಸ್ಕಾರಕಗಳಲ್ಲಿ ಉಳಿದಿವೆ, ಕಲಿತ ಪಾಠಗಳು ತಂತ್ರಾಂಶಗಳಲ್ಲಿ ಉಳಿದಿವೆ. ಒಂದು ಯಂತ್ರದ ಸ್ಮೃತಿಯನ್ನು ಹೊರಗಿನಿಂದ ಜೋಡಿಸಿ ಹಿಗ್ಗಿಸುವ, ಹಲವು ಯಂತ್ರಗಳು ಹಂಚಿಕೊಳ್ಳುವಂತೆ ಮಾಡುವ ಸಿಎಕ್ಸ್‌ಎಲ್ ಎಂಬ ಸಂಪರ್ಕವಿಧಾನದ ಕಡೆಗೆ ಈಗ ತಯಾರಕರ ಗಮನ ಹರಿದಿದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆದಿರುವ ಕೆಲಸವು ಇನ್ನೊಂದು ಎಲ್ಲೆಯನ್ನು ಕುರಿತದ್ದು. ಅಲ್ಲಿಯ ಶ್ರೀತೋಷ್ ಗೋಸ್ವಾಮಿ ಅವರ ತಂಡವು ೨೦೨೪ರ ಸೆಪ್ಟೆಂಬರಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿ ಮಾಡಿದಂತೆ, ವಿಶಿಷ್ಟವಾದ ಅಣುಗಳ ತೆಳುಪದರವೊಂದರಲ್ಲಿ ವಿದ್ಯುದ್ವಾಹಕತೆಯ ೧೬,೫೦೦ ಮಟ್ಟಗಳನ್ನು ಬೇರೆಬೇರೆಯಾಗಿ ಗುರುತಿಸಿ ಇಡಬಹುದು. ಸಾಧಾರಣ ಸ್ಮೃತಿಯ ಒಂದು ಕೋಶವು ಹಿಡಿಯುವುದು ಎರಡೇ ಮಟ್ಟಗಳನ್ನು, ಸೊನ್ನೆ ಮತ್ತು ಒಂದನ್ನು. ಇಂಥ ಪದರದಲ್ಲಿ ಸಂಖ್ಯೆಯನ್ನು ಇಡುವುದಷ್ಟೇ ಅಲ್ಲ, ಇಟ್ಟಲ್ಲಿಯೇ ಗುಣಿಸಿ ಕೂಡಿಸುವುದೂ ಸಾಧ್ಯ. ಸಂಖ್ಯೆಯು ಸಂಸ್ಕಾರಕದವರೆಗೆ ಪ್ರಯಾಣ ಮಾಡಬೇಕಿಲ್ಲ. ಇಪ್ಪತ್ತು ಸಾವಿರ ವಚನಗಳಲ್ಲಿ ಒಂದು ಪದವನ್ನು ಹುಡುಕುವಾಗ ಇಂದು ಮೂರು ಕೋಟಿ ಬೈಟುಗಳೂ ಸಂಸ್ಕಾರಕದ ಮುಂದೆ ಮೆರವಣಿಗೆ ಹೋಗಬೇಕು, ದೊರೆಯುವುದು ಹತ್ತಾರು ಸಾಲುಗಳಾದರೂ. ಅಣುಪದರವು ಸದ್ಯಕ್ಕೆ ಅಂಥ ಹುಡುಕಾಟಕ್ಕಾಗಿ ಮಾಡಿದುದಲ್ಲ. ಕೃತಕ ಬುದ್ಧಿಮತ್ತೆಗೆ ಬೇಕಾಗುವ ಸಂಖ್ಯಾಕೋಷ್ಠಕಗಳ ಗುಣಾಕಾರವೇ ಅದರ ಮೊದಲ ಗುರಿ.